ಕಸದ ಕರೆಂಟಿಗೆ ಸೊಣ್ಣಮ್ಮನ ವಿಚಾರಣೆ

ಹುಣಸಮಾರನಹಳ್ಳಿಯಿಂದ ಒಳಕ್ಕಿರುವ ನಮ್ಮೂರಿನಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಲು ಸೊಣ್ಣಮ್ಮನನ್ನು ಕರೆದುಕೊಂಡು ಹೋಗದವರು ಕೆಟ್ಟರು ಎಂದೇ ಲೆಕ್ಕ. ಗಂಡಿನ ಮನೆಯಲ್ಲಿ ಆಕೆ ಕಾಫಿ ಕುಡಿದು ಸುಮ್ಮನೆ ನಗುತ್ತಾಳೆ. ವಿಚಾರಣೆಯೆಲ್ಲ ಪಕ್ಕದ ಮನೆಯಲ್ಲಿ. "ನಮ್ಮುಡುಗ ಕುಡೀತಾನೆ ಅಂತ ಎತ್ತ ಅಪ್ಪ ಅವ್ವ ಯಾವತ್ತಾದ್ರೂ ಏಳ್ತಾರೇನೋ?" ಎಂಬುದು ಆಕೆಯ ವಾದ. ಹೀಗೆ ಎಷ್ಟು ಸಂಬಂಧ ಮುರಿದಳೋ ದೇವರೇ ಬಲ್ಲ. ನನ್ನದೂ ಒಂದು ಅದರಲ್ಲಿ ಸೇರಿದೆ, ಪುಣ್ಯಾತ್ಗಿತ್ತಿ!

ಹೋದ ವರ್ಷ ಊರಿಗೆ ಕಸ ಸುಟ್ಟು ಕರೆಂಟ್ ಮಾಡುವ ಘಟಕ ಬರುತ್ತದೆ ಎಂದಾಯಿತು. ಜಾಗ ಸೊಣ್ಣಮ್ಮನ ಹಿತ್ತಿಲ ಬೇಲಿಗೆ ಅಂಟಿಕೊಂಡೇ. ಆ ಹಿತ್ತಿಲಲ್ಲಿ ಆಗತಾನೆ ಅಂಬೆಗಾಲಿಡುತ್ತಿದ್ದಳು ಆಕೆಯ ಮೊಮ್ಮಗಳು, ಇಂದು ಅಂತ ಹೆಸರು. ನಮ್ಮನ್ನು ಒಪ್ಪಿಸಲು ಬಂದ ಅಧಿಕಾರಿ ನಾಗಭೂಷಣ ಒಳ್ಳೆಯ ಮನುಷ್ಯನೇ. ಕರಪತ್ರ ಹಂಚಿದ. ಆಟೋಗೆ ಮೈಕ್ ಕಟ್ಟಿಸಿ "ಹೊಗೆ ಇಲ್ಲ, ವಾಸನೆ ಇಲ್ಲ" ಎಂದು ಕೂಗಿಸಿದ. ಕೊನೆಗೆ ದೂರದ ಊರಲ್ಲಿ ನಡೆಯುತ್ತಿರುವ ಇಂಥದೇ ಘಟಕ ತೋರಿಸಲು ಬಸ್ಸನ್ನೂ ಮಾಡಿದ. ಹೋಳಿಗೆ ಊಟ ಬೇರೆ.

ಅಲ್ಲಿ ನಾವೆಲ್ಲ ಹಳದಿ ಹೆಲ್ಮೆಟ್ ಹಾಕಿಕೊಂಡು ಫೋಟೊ ತೆಗೆಸಿಕೊಂಡೆವು. "ವಾಸ್ನೆ ಎಲ್ಲೈತೆ ಗುರು?" ಎನ್ನುತ್ತ ಸೈಟು ವ್ಯಾಪಾರದ ಲಕ್ಕಣ್ಣ ಇನ್ನೊಂದು ಹೋಳಿಗೆಗೂ ತುಪ್ಪ ಬಡಿಸಿಕೊಂಡ. ಸೊಣ್ಣಮ್ಮ ಮಾತ್ರ ತನ್ನ ಚಾಳಿ ಬಿಡದೆ, ಅಕ್ಕಪಕ್ಕದ ಮನೆಯವರನ್ನು ಕೇಳಲು ಗೇಟಿನಾಚೆ ಹೋದಳು. ಹೋದಷ್ಟೇ ಬೇಗ ಬಂದಳು.

"ಏನಂದ್ರು ದೊಡ್ಡಮ್ಮ, ನೆರೆಯೋರು?" ಎಂದು ಛೇಡಿಸಿದೆ.

"ಅನ್ನಾಕೆ ಯಾರವ್ರೆ? ಎಲ್ಲ ಮನೆಗೂ ಸಾಲಾಗಿ ಬೀಗ ಕಣೋ."

ಊರಿಗೆ ಬಂದ ಮೇಲೆ ಅರಳಿಕಟ್ಟೆಯಲ್ಲಿ ಸಭೆ. ಸೊಣ್ಣಮ್ಮ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಬಂದು ಬೀಗದ ಮಾತೆತ್ತಿದಳು.

ನಾಗಭೂಷಣ ಬೆವರೊರೆಸಿಕೊಂಡ. "ಅವ್ರು ಬೇರೆ ಏನೋ ಕಾರಣಕ್ಕೆ ಹೋಗಿರ್ತಾರೆ ಅಮ್ಮಾ. ನನ್ ಮಾತು ನಂಬಿ, ಒಂಚೂರೂ ತೊಂದ್ರೆ ಇಲ್ಲ."

"ನಂಬ್ತೀನಿ ಸ್ವಾಮಿ. ನಮ್ ಮ್ಯಾಲಿನ ಮನೆ ಖಾಲಿ ಐತೆ. ಬಾಡ್ಗೆ ಬ್ಯಾಡ. ಎಂಡ್ರು ಮಕ್ಕಳ್ನ ಕರ್ಕೊಂಡು ಬಂದು ಇರಿ. ನೆರೆಮನೆಯೋರು ನೀವೇ ಆಗಿ. ನೀವು ಬಂದ್ರೆ ನಾನೇ ಮೊದ್ಲು ಒಪ್ತೀನಿ."

ಸಭೆ ಗೊಳ್ಳೆಂದು ನಕ್ಕಿತು. ನಾಗಭೂಷಣನೂ ನಕ್ಕು, ನಗುವಿನ ಭರದಲ್ಲೇ ಅಂದುಬಿಟ್ಟ: "ಅಯ್ಯೋ, ಆಗಲ್ಲಮ್ಮಾ, ನಮ್ ಮಗು ಇನ್ನೂ ಚಿಕ್ಕದು!"

ಸೊಣ್ಣಮ್ಮ ಬೈಯಲಿಲ್ಲ. ಸೊಂಟದಿಂದ ಇಂದುವನ್ನು ಇಳಿಸಿ, ಕಟ್ಟೆಯ ಮೇಲೆ ಕೂತಿದ್ದ ಅವನ ಮಡಿಲಲ್ಲಿ ಕೂರಿಸಿದಳು.

"ಇದು ಎಷ್ಟು ದೊಡ್ಡದಾಗೈತೆ, ನೀವೇ ನೋಡಿ ಸ್ವಾಮಿ," ಎಂದಳು.