ಮೂರನೆಯ ನುಡಿ

ನನ್ನ ಆಟೋದ ಹಿಂಭಾಗದಲ್ಲಿ ನನ್ನದೇ ಫೋಟೊ ಇದೆ. ಕೈಯಲ್ಲಿ ಮೈಕು, ಮೈಮೇಲೆ ಮಿಂಚುವ ಅಂಗಿ, ಕೆಳಗೆ ‘ಕಾಟಾ ಹಾಡಿನ ಖ್ಯಾತ ಗಾಯಕ’ ಎಂಬ ಸಾಲು, ಅದರ ಕೆಳಗೆ ಮೊಬೈಲ್ ನಂಬರು. ಹೊಸಪೇಟೆಯಿಂದ ಹಂಪಿಗೆ ಜನರನ್ನು ಒಯ್ದು ಬಿಡುವವನಿಗೆ ಇಷ್ಟೆಲ್ಲ ಬೇಕೇ ಎಂದು ಹೆಂಡತಿ ಕೇಳುತ್ತಾಳೆ. ಬೇಕಿತ್ತು. ನಾನು ಗೆದ್ದದ್ದು ಅದೊಂದೇ ಹಾಡಿನಲ್ಲಿ. ಆಮೇಲೆ ಮೂರು ಕ್ಯಾಸೆಟ್ ಮಾಡಿದೆ. ಅವನ್ನು ನನ್ನ ಸ್ವಂತ ಮಾವನೂ ಕೊಳ್ಳಲಿಲ್ಲ.

ಹಾಡು ಹುಟ್ಟಿದ್ದು ಸಂಡೂರು ರಸ್ತೆಯಲ್ಲಿ. ಆಗ ನಾನು ಅದಿರು ಲಾರಿ ಓಡಿಸುತ್ತಿದ್ದೆ. ಲಾರಿ ತೂಗುವ ಕಾಟಾದ ಮುಂದೆ ಸಾಲು ಹಚ್ಚಿದರೆ ಒಮ್ಮೊಮ್ಮೆ ಎರಡು ದಿನ ಅಲ್ಲೇ. ಉಣ್ಣುವುದು, ಮಲಗುವುದು, ಜಗಳ ಆಡುವುದು ಎಲ್ಲವೂ ಆ ಕೆಂಪು ಧೂಳಿನಲ್ಲಿಯೇ. ಕಾಟಾದ ಪಕ್ಕ ತಗಡಿನ ಶೆಡ್ಡಿನಲ್ಲಿ ಒಬ್ಬ ಹೆಂಗಸು ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾರುತ್ತಿದ್ದಳು. ಅವಳ ಗಂಡ ಪಕ್ಕದಲ್ಲೇ ಪಂಕ್ಚರ್ ಹಾಕುತ್ತಿದ್ದ. ಪುಟ್ಟ ಮಗಳು ಹಳೆಯ ಟಯರಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿತ್ತು. ಆ ಹೆಂಗಸಿನ ಗದ್ದದ ಮೇಲೆ ಒಂದು ಕರಿ ಮಚ್ಚೆ ಇತ್ತು.

ಒಂದು ಮಧ್ಯಾಹ್ನ ನಾನು ಆಕೆಗೆ ಕೇಳಿಸಲೆಂದೇ ದನಿಯೆತ್ತಿ ಹಾಡುತ್ತಿದ್ದೆ. ಆಕೆ ಬಾಣಲೆಯಿಂದ ತಲೆ ಎತ್ತದೆ ಅಂದಳು: “ಬಾಯಿ ಮುಚ್ಚಲೇ, ನಿನ್ನ ಹಾಡು ಕೇಳಿ ಎಣ್ಣಿನೂ ಕಾಯವಲ್ದು.” ಡ್ರೈವರುಗಳೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕಂತೆ ಮಾಡಿದೆ. ಆದರೆ ಆ ಮಾತು ಮರೆಯಲಿಲ್ಲ.

ಅದೇ ವಾರ ಹಾಡು ಕಟ್ಟಿದೆ. ಮೊದಲ ನುಡಿಯಲ್ಲಿ ಲಾರಿ ಸಾಲು, ಎರಡನೆಯದರಲ್ಲಿ ಮಿರ್ಚಿ ಮತ್ತು ಗದ್ದದ ಮಚ್ಚೆ. ಮೂರನೆಯದರಲ್ಲಿ ಆಕೆ ಹೊತ್ತು ಮುಳುಗಿದ ಮೇಲೆ ಡ್ರೈವರುಗಳನ್ನು ಶೆಡ್ಡಿನ ಹಿಂದಕ್ಕೆ ಕರೆಯುತ್ತಾಳೆ ಎಂದು ಬರೆದೆ. ಅದು ಶುದ್ಧ ಸುಳ್ಳು. ಹೊತ್ತು ಮುಳುಗುವ ಮುಂಚೆಯೇ ಆಕೆ ಬಾಣಲೆ ತೊಳೆದು, ಮಗಳನ್ನು ಸೊಂಟಕ್ಕೇರಿಸಿ ಮನೆಗೆ ಹೋಗುತ್ತಿದ್ದದ್ದನ್ನು ದಿನಾ ನೋಡಿದವನು ನಾನು.

ಹಾಡನ್ನು ಕ್ಯಾಸೆಟ್ ಮಾಡಿಸಿದೆ. ಸಾಲಿನಲ್ಲಿ ಒಂದು ಲಾರಿಯವನು ಕೇಳಿ ಮುಗಿಸಿದ ಕ್ಯಾಸೆಟ್ಟನ್ನು ಹಿಂದಿನವನು ಇಸಿದುಕೊಂಡು ಹಾಕುವುದು ರೂಢಿ. ಹಾಗಾಗಿ ತಿಂಗಳೊಳಗೆ ಆ ರಸ್ತೆಗೆಲ್ಲ ಒಂದೇ ಹಾಡಾಯಿತು. ಶೆಡ್ಡಿನ ಮುಂದೆ ಬಂದಾಗ ಪ್ರತಿ ಲಾರಿಯೂ ಹಾಡಿನ ತಾಳಕ್ಕೆ ಹಾರ್ನ್ ಹೊಡೆಯತೊಡಗಿತು. ಮೊದಮೊದಲು ಆಕೆ ಬೈದಳು. ಆಮೇಲೆ ಸೆರಗಿನಿಂದ ಗದ್ದ ಮುಚ್ಚಿಕೊಂಡು ಮಿರ್ಚಿ ಕರಿದಳು. ಆಮೇಲೆ ಗಂಡ ಎಲ್ಲರೆದುರು ಆಕೆಗೆ ಹೊಡೆದ. ಒಂದು ದಿನ ಶೆಡ್ ಖಾಲಿ ಇತ್ತು. ಹೆಂಡತಿ, ಮಗಳನ್ನು ಕಂಪ್ಲಿಯ ತವರಿಗೆ ಬಿಟ್ಟು ಹೋದ ಗಂಡ ತಿರುಗಿ ನೋಡಲಿಲ್ಲವಂತೆ ಎಂದು ಸುದ್ದಿ ಬಂತು. ಆ ಸುದ್ದಿ ಬಂದಾಗ ನಾನು ಹೊಸಪೇಟೆಯಲ್ಲಿ ಒಂದು ಸ್ಟೇಜಿನ ಮೇಲೆ ಹೂವಿನ ಹಾರ ಹಾಕಿಸಿಕೊಳ್ಳುತ್ತಿದ್ದೆ. ಸುದ್ದಿ ಕೇಳಿದ ಮೇಲೂ ಹಾರ ತೆಗೆಯಲಿಲ್ಲ. ನಾಚಿಕೆಗೆಟ್ಟವನು ನಾನು.

ಗಣಿಗಳು ನಿಂತವು, ಲಾರಿ ಹೋಯಿತು, ಆಟೋ ಬಂತು. ಹಾಡು ಮಾತ್ರ ಹೋಗಲಿಲ್ಲ. ಕ್ಯಾಸೆಟ್ಟಿನಿಂದ ಮೊಬೈಲಿಗೆ, ಮೊಬೈಲಿನಿಂದ ಮದುವೆ ಮೆರವಣಿಗೆಯ ಡಿಜೆಗೆ ಹತ್ತಿತು. ಈಗಿನ ಹುಡುಗರು ಅದಕ್ಕೆ ಕುಣಿದು ವಿಡಿಯೊ ಮಾಡುತ್ತಾರೆ.

ಕಳೆದ ವರ್ಷ ಕಮಲಾಪುರ ದಾಟುವಾಗ ಫೋನ್ ಬಂತು. ಬಾಡಿಗೆ ಇರಬೇಕೆಂದುಕೊಂಡೆ.

“ನಿನ್ನ ಆಟೋದ ಮ್ಯಾಲಿನ ನಂಬರ್ ನೋಡಿ ಫೋನ್ ಮಾಡೀನಿ. ಕಾಟಾದ ಒಗ್ಗರಣಿಯಾಕಿ ನಾನು.”

ಆಟೋ ಪಕ್ಕಕ್ಕೆ ನಿಲ್ಲಿಸಿದೆ.

“ನನ್ನ ಮಗಳಿಗೆ ಕುರೆಕುಪ್ಪದ ಸಂಬಂಧ ಕೂಡೇತಿ. ಹುಡುಗಿ ತಾಯಿನ ಆ ಹಾಡಿನಾಕಿ ಅಂತ ಬೀಗರ ಕಿವಿಗೆ ಯಾರೋ ಊದ್ಯಾರ. ನೀನ ಬಂದು ಅಲ್ಲ ಅನ್ನಬೇಕು. ಕಟ್ಟಿದಾವ ನೀನು, ನಿನ್ನ ಮಾತು ನಂಬ್ತಾರ.”

ತಪ್ಪಾಯಿತು ಎಂದು ಶುರು ಮಾಡಿದೆ. ಆಕೆ ನಡುವೆಯೇ ಕತ್ತರಿಸಿದಳು. “ಅದೆಲ್ಲ ಬ್ಯಾಡ. ಸುಳ್ಳ ಹೇಳಾಕ ಬರ್ತೈತಲ್ಲ ನಿನಗ? ಅಷ್ಟು ಹೇಳಿ ಹೋಗು ಬಾ.”

ಭಾನುವಾರ ಕಂಪ್ಲಿಗೆ ಹೋದೆ. ಅಕ್ಕಿ ಗಿರಣಿಯ ಹಿಂದಿನ ಓಣಿ, ಎರಡು ಕೋಣೆಯ ಮನೆ. ಆಕೆ ಆ ಗಿರಣಿಯಲ್ಲೇ ಭತ್ತ ಹರವುವ ಕೆಲಸ ಮಾಡಿ ಮಗಳನ್ನು ಓದಿಸಿದ್ದಳು. ಮೊದಲು ನನ್ನ ಕಣ್ಣು ಹೋದದ್ದು ಆಕೆಯ ಗದ್ದಕ್ಕೆ. ಮಚ್ಚೆ ಇರಲಿಲ್ಲ. ಅಲ್ಲಿ ಚರ್ಮ ಸುಕ್ಕಾಗಿ, ಬೆಳ್ಳಗಾಗಿ, ಒಳಕ್ಕೆ ಎಳೆದುಕೊಂಡಿತ್ತು. ನಾನು ನೋಡುವುದನ್ನು ನೋಡಿ, “ಮಚ್ಚಿ ಸುಡಾಕ ಸುಣ್ಣ, ಸೋಡಾ ಕಲಸಿ ಹಚ್ಚಿದ್ದೆ. ಬೀಗರಿಗೆ ಎಣ್ಣಿ ಸಿಡಿದಿತ್ತು ಅಂದೀನಿ,” ಎಂದು ಮೆಲ್ಲಗೆ ಹೇಳಿದಳು.

ಬೀಗರು ಬಂದು ಕುಳಿತರು. ಹುಡುಗನ ತಂದೆ ದಪ್ಪ ಮೀಸೆಯ ಆಸಾಮಿ, ಆ ಕಾಲದಲ್ಲಿ ತಾನೂ ಲಾರಿ ಓಡಿಸಿದವನು. ನಾನು ಕಟ್ಟಿದ ಕತೆ ಹೇಳಿದೆ: ಹಾಡಿನ ಹೆಂಗಸು ಬರೀ ಕಲ್ಪನೆ, ಅಂಥಾಕಿ ಎಲ್ಲೂ ಇರಲಿಲ್ಲ, ಈ ತಾಯಿಯನ್ನು ಇವತ್ತೇ ನೋಡುತ್ತಿರುವುದು. ಎರಡನೇ ಸಲವೂ ಆಕೆಯ ವಿಷಯದಲ್ಲಿ ನನ್ನ ಸುಳ್ಳು ಸಲೀಸಾಗಿ ಬಂತು.

ಮೀಸೆಯವನು ನನ್ನನ್ನೇ ದಿಟ್ಟಿಸಿದ. “ನೀವ ಹಾಡಿದವರು ಅನ್ನೂದು ಹೆಂಗ ನಂಬೂದು? ಒಂದ್ಸಲ ಹಾಡ್ರಿ ನೋಡೂಣು.”

ನಾನು ಆಕೆಯ ಕಡೆ ನೋಡಿದೆ.

“ಹಾಡ್ರಿ ಅಣ್ಣಾ,” ಅಂದಳು. “ದೊಡ್ಡವರು ಕೇಳಾಕತ್ಯಾರ.”

ಹಾಡಿದೆ. ಎರಡು ನುಡಿ ಮುಗಿಸಿ ನಿಲ್ಲಿಸಿದೆ. “ಮೂರನೇದು ನುಂಗಿದ್ರಲ್ಲ!” ಎಂದು ಆತನೇ ತೊಡೆ ತಟ್ಟುತ್ತ ಎತ್ತಿಕೊಂಡ, ಒಂದು ಅಕ್ಷರ ತಪ್ಪದೆ ಮುಗಿಸಿದ. ಅಷ್ಟು ಹೊತ್ತೂ ಆಕೆ ಸಕ್ಕರೆಯ ತಟ್ಟೆ ಹಿಡಿದು, ಹಾಡು ಮುಗಿಯಲೆಂದು ಬಾಗಿಲಲ್ಲಿ ಕಾಯುತ್ತ ನಿಂತಿದ್ದಳು. ಮುಖದ ಮೇಲೆ ನಗುವೊಂದನ್ನು ಇಟ್ಟುಕೊಂಡಿದ್ದಳು. ಮಗಳು ಒಳಗಿನಿಂದ ಇಣುಕಿ, ಹಾಡಿನ ಗಾಯಕ ತಮ್ಮ ಮನೆಗೆ ಬಂದಿದ್ದಕ್ಕೆ ಬೆರಗಾಗಿದ್ದಳು.

ಒಪ್ಪಿಗೆಯಾಯಿತು. ಎಲ್ಲರ ಬಾಯಿಗೂ ಸಕ್ಕರೆ ಬಿತ್ತು.

“ಮದುವಿಗೂ ನೀವ ಬರಬೇಕ್ರಿ,” ಬೀಗ ನನ್ನ ಹೆಗಲ ಮೇಲೆ ಕೈ ಹಾಕಿದ. “ಸ್ಟೇಜಿನ ಮ್ಯಾಲ ಇದೇ ಹಾಡು ಆಗಬೇಕು.”

ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಬೀಗನ ಮುಖದಲ್ಲಿ ಅನುಮಾನ ಮೂಡುವ ಮುಂಚೆಯೇ ಆಕೆ ಉತ್ತರ ಕೊಟ್ಟಳು.

“ಬರ್ತಾರ್ರಿ. ಯಾಕ ಬರಂಗಿಲ್ಲ?”

ಹೋದೆ. ಮೂರೂ ನುಡಿ ಹಾಡಿದೆ. ಹುಡುಗಿಯ ತಾಯಿಯೂ ಕುಣಿಯಬೇಕೆಂದು ಬೀಗರ ಕಡೆಯ ಹೆಂಗಸರು ಆಕೆಯ ಕೈ ಹಿಡಿದು ಎಳೆದರು. ಆಕೆ ಕುಣಿದಳು.