ಪೋಡಿ ಅಂದ್ರ ಏನ್ರೀ?

ಹೊಲ ಅಳೆಯೋದು ನನ್ನ ಕೆಲಸ. ಸಂತೆಕಲ್ಲೂರಿನ ಹತ್ತಿರ ಅಣ್ಣತಮ್ಮಂದಿರಿಬ್ಬರ ತೊಗರಿ ಹೊಲವನ್ನು ಎರಡು ಮಾಡಿಕೊಡಲು ಹೋಗಿದ್ದೆ. ಅವರ ತಾಯಿ ಬದುವಿನ ಮೇಲೆ ಕೂತಿದ್ದಳು.

"ಸಾಹೇಬ್ರ, ಮುಂಜಾನಿಂದ ಎಲ್ಲಾರೂ ಪೋಡಿ ಪೋಡಿ ಅನ್ನಾಕತ್ತಾರ. ಹಂಗಂದ್ರ ಏನ್ರೀ?"

ಇಂಥದ್ದನ್ನು ಯಾರಾದರೂ ಕೇಳಿದರೆ ನನಗೆ ಎಲ್ಲಿಲ್ಲದ ಹುರುಪು. "ಮರಾಠಿ ಮಾತದು, ಯವ್ವ. ಫೋಡ್ ಅಂದ್ರ ಒಡಿಯೋದು. ನಮ್ಮ ದಫ್ತರದಾಗ ಬಂದು ಪೋಡಿ ಆಗ್ಯಾದ," ಅಂದೆ.

"ಒಡಿಯೋದೇನ್ರೀ? ಹಂಗಾರ ನಮಗ ಗೊತ್ತೈತಿ. ತೊಗರಿ ಒಡದ್ರ ಬ್ಯಾಳಿ ಆಗ್ತದ. ಉಣ್ಣಾಕ ಬರ್ತದ, ಬಿತ್ತಿದ್ರ ಮಾತ್ರ ಹುಟ್ಟಂಗಿಲ್ಲ."

ನಾನು ನಕ್ಕೆ. ನಗಬಾರದಿತ್ತು.

ಗೆರೆ ಹಾಕಿಸಿದಾಗ ಅದು ಅವಳ ಗಂಡನ ಸಮಾಧಿಗೆ ತಾಗಿಕೊಂಡೇ ಹೋಯಿತು. ಸಮಾಧಿ ಅಣ್ಣನ ಪಾಲಿಗೆ ಬಂತು. ಅದರ ಬಗಲಿಗೆ ಅವಳಿಗಂತಲೇ ಬಿಟ್ಟಿದ್ದ ಜಾಗ ತಮ್ಮನ ಪಾಲಿಗೆ ಹೋಯಿತು.

"ನಡುವ ಕಲ್ಲು ನೆಡ್ತೀರೇನ್ರೀ?" ಅಂತ ಅವಳು ಮೆಲ್ಲಗೆ ಕೇಳಿದಳು.

ಗೆರೆಯನ್ನು ನಾಲ್ಕು ಹೆಜ್ಜೆ ಸರಿಸಲೇ ಅಂತ ಮಕ್ಕಳನ್ನು ಕೇಳಿದೆ.

"ನನ್ನ ಪಾಲಿನಾಗಿಂದ ಬ್ಯಾಡ್ರೀ," ಅಂದ ಅಣ್ಣ.

"ನನ್ನದ್ರಾಗಿಂದೂ ಬ್ಯಾಡ," ಅಂದ ತಮ್ಮ.

ಗಂಡನಿಗೂ ಅವಳ ಜಾಗಕ್ಕೂ ನಡುವೆ ಕಲ್ಲು ನೆಡಿಸಿದೆ. ಅಣ್ಣತಮ್ಮ ಇಬ್ಬರೂ ಕಾಗದಕ್ಕೆ ಸಹಿ ಹಾಕಿದರು. ತಾಯಿಯ ಹೆಸರು ಪಹಣಿಯಲ್ಲಿ ಇರಲಿಲ್ಲ, ಹಾಗಾಗಿ ಅವಳ ಹೆಬ್ಬೆಟ್ಟು ಬೇಕಾಗಲಿಲ್ಲ. ಅವತ್ತಿಡೀ ಆ ಇಬ್ಬರೂ ಒಪ್ಪಿದ್ದು ಆ ಕಲ್ಲೊಂದಕ್ಕೇ. ಅದಕ್ಕೇ ವರದಿಯಲ್ಲಿ ಧೈರ್ಯವಾಗಿ ಬರೆದೆ: ತಕರಾರು ಇಲ್ಲ.