ಶುಕ್ರವಾರದ ಜೋಳ

ಹೋದ ತಿಂಗಳು ನಮ್ಮ ಅತ್ತೆ ತೀರಿಕೊಂಡರು. ಮಾತನಾಡಿಸಲು ಬಂದವರೆಲ್ಲ ಅವರ ಮಡಿ, ವ್ರತ, ದೈವಭಕ್ತಿಯನ್ನು ಹೊಗಳಿದರು. ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ. ನನಗೆ ನೆನಪಾಗುತ್ತಿದ್ದದ್ದು ಅವರು ಲಕ್ಷ್ಮಿಯ ಜೊತೆ ವಾದ ಹೂಡಿ ಗೆದ್ದ ಒಂದು ಶುಕ್ರವಾರ. ನಗು ತಡೆಯಲು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅಳುತ್ತಿದ್ದಾಳೆಂದು ತಿಳಿದು ಯಾರೋ ಬೆನ್ನು ಸವರಿದರು. ಅದೂ ಸುಳ್ಳಲ್ಲ.

ನನ್ನ ತವರು ನೇಸರಗಿ. ಅಲ್ಲಿ ನೀರೆಂದರೆ ಬಾವಿಯ ತಳದಲ್ಲಿರುವ ವಸ್ತು. ಅದು ತಾನಾಗಿ ಎದ್ದು ಮನೆಗೆ ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ರಾಮದುರ್ಗದ ಕಡೆ, ಮಲಪ್ರಭೆಯ ದಂಡೆಯ ಹಳ್ಳಿಗೆ ಸೊಸೆಯಾಗಿ ಬಂದ ಮೊದಲ ಮಳೆಗಾಲ. ಆ ಶುಕ್ರವಾರ ಬೆಳಿಗ್ಗೆ ಸವದತ್ತಿಯಿಂದ ಬಂದ ಬಳೆಗಾರ, ಅಲ್ಲಿ ಹೊಳೆ ಬಂಡೆಗಳನ್ನೆಲ್ಲ ನುಂಗಿದೆ, ಸಂಜೆಯೊಳಗೆ ನಿಮ್ಮೂರಿಗೆ ಬಂದೀತು ಎಂದ. ಸ್ವಲ್ಪ ಹೊತ್ತಿಗೆ ಡಂಗುರವೂ ಆಯಿತು. ಬಟ್ಟೆಯ ಗಂಟು ಕಟ್ಟಿದೆವು, ಎಮ್ಮೆಯನ್ನು ಊರಾಚೆಯ ಮಡ್ಡಿಯ ದಿಬ್ಬಕ್ಕೆ ಹೊಡೆದೆವು. ದಾರಿಯ ಬುತ್ತಿಗೆ ರೊಟ್ಟಿ ಬಡಿದು ಬಡಿದು ನನ್ನ ಅಂಗೈ ಕೆಂಪಾಯಿತು. ಉಳಿದದ್ದು ಜೋಳ.

ಜೋಳವಿದ್ದದ್ದು ಹಗೇವಿನಲ್ಲಿ. ಪಡಸಾಲೆಯ ನೆಲದಡಿ ತೋಡಿದ ಆಳದ ಕಣಜವದು. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿರುತ್ತಾರೆ. ಒಳಗೆ ನೀರಿಳಿದರೆ ವರ್ಷದ ಊಟವೆಲ್ಲ ಕೊಳೆತು ನಾರುತ್ತದೆ. ಮಾವನವರು ಗುದ್ದಲಿ ಹಿಡಿದು ಬಂದರು. ಅತ್ತೆ ಹೋಗಿ ಚಪ್ಪಡಿಯ ಮೇಲೆ ಕುಳಿತುಬಿಟ್ಟರು.

ಶುಕ್ರವಾರ ಮನೆಯಿಂದ ಕಾಳು ಹೊರಗೆ ಹಾಕಿದರೆ ಲಕ್ಷ್ಮಿಯನ್ನೇ ಹೊರಗೆ ಹಾಕಿದಂತೆ. ಇದು ಊರಿಗೆಲ್ಲ ಗೊತ್ತಿದ್ದ ಮಾತು. ಹೊಳೆಗೆ ಮಾತ್ರ ಗೊತ್ತಿಲ್ಲ ಎಂದು ಮಾವನವರು ಗೊಣಗಿದರು. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಬಾಗಿಲಲ್ಲಿ ಬಂದು ನಿಂತು, ತನ್ನ ಹಗೇವಿಗೆ ಇನ್ನೊಂದು ಪದರ ಮಣ್ಣು ಮೆತ್ತಿ ಬಂದಿರುವುದಾಗಿ ತಿಳಿಸಿದಳು.

"ಶುಕ್ರವಾರ ಲಕ್ಷ್ಮೀನ್ನ ಹೊರಗ ನೂಕತಿ ಏನವಾ? ಒಮ್ಮೆ ಹ್ವಾದರ ಆಕಿ ನಿನ್ನ ಸೀದ ರೊಟ್ಟಿ ವಾಸನಿಗೆ ಹೊಳ್ಳಿ ಬರಾಂಗಿಲ್ಲ."

ಅತ್ತೆ ಚಪ್ಪಡಿ ಬಿಟ್ಟು ಏಳಲಿಲ್ಲ. ಕುಳಿತಲ್ಲೇ ಯೋಚಿಸಿದರು. ಹಿತ್ತಲಿನ ಆಚೆ ತಗ್ಗಿನ ಹೊಲದಲ್ಲಿ ರಾಡಿ ನೀರು ಕಾಣತೊಡಗಿತ್ತು. ಆಮೇಲೆ ಎದ್ದರು. ಹಗೇವಿನ ಒಳಗಿನ ಕೆಟ್ಟ ಗಾಳಿ ಹೋಗಲು ಬಾಯಿ ತೆರೆದಿಡಿ, ಆದರೆ ನಾನು ಹೇಳಿ ಕಳಿಸುವ ತನಕ ಒಂದು ಕಾಳೂ ಮೇಲೆ ಬರಕೂಡದು ಎಂದು ಮಾವನವರಿಗೆ ಹೇಳಿದರು. ದೇವರ ಮನೆಯ ಜಗಲಿಯ ಮೇಲಿನ ದೇವರುಗಳನ್ನು ಉಡಿಯಲ್ಲಿ ಕಟ್ಟಿಕೊಂಡರು. ಒಲೆಯ ಕೆಂಡವನ್ನು ಗಡಿಗೆಗೆ ಹಾಕಿ ನನ್ನ ಕೈಗಿಟ್ಟು, ನನ್ನ ಗಂಡನನ್ನೂ ಕರೆದುಕೊಂಡು ಮಡ್ಡಿ ಹತ್ತಿದರು.

ಮಡ್ಡಿಯ ಮೇಲೆ ನಮ್ಮದೊಂದು ದನದ ಗುಡಿಸಲಿತ್ತು. ಅತ್ತೆ ಅದರ ನೆಲ ಸಾರಿಸಿ ರಂಗೋಲಿ ಎಳೆದರು, ಮೂರು ಕಲ್ಲಿಟ್ಟು ಒಲೆ ಹೂಡಿದರು, ಎಮ್ಮೆ ಹಿಂಡಿ ಹಾಲು ಇಟ್ಟರು. ಹೊಸ ಮನೆಯಲ್ಲಿ ಹಾಲು ಉಕ್ಕಬೇಕು. ಕಟ್ಟಿಗೆಯೋ ಹಸಿ. ಕೆಳಗೆ ಹೊಳೆ ಉಕ್ಕುತ್ತಿತ್ತು, ಮೇಲೆ ಹಾಲು ಉಕ್ಕುತ್ತಿರಲಿಲ್ಲ. ನನ್ನ ಗಂಡ ನೆಲಕ್ಕೆ ಬೋರಲು ಬಿದ್ದು ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡರು. ಎಮ್ಮೆಯೂ ಕತ್ತು ತಿರುಗಿಸಿ ನೋಡುತ್ತಿತ್ತು. ಕೊನೆಗೂ ಹಾಲು ಸೊರ್ರೆಂದು ಒಲೆಗೆ ಬಿತ್ತು.

"ಓಡು, ನಿಮ್ಮಪ್ಪಗ ಹೇಳು," ಎಂದರು ಅತ್ತೆ ಮಗನಿಗೆ. "ಮನಿ ಈಗ ಇಲ್ಲೈತಿ. ಅಲ್ಲಿ ಇರೂದು ಬರೇ ನೆಲಾ. ಲಕ್ಷ್ಮೀನ್ನ ಲಗೂನ ಮನಿಗೆ ಕರಕೊಂಡ ಬರ್ರಿ ಅನ್ನು."

ಇದನ್ನು ಕೇಳಿ ಮಾವನವರು ಹಗೇವಿನ ಬಾಯಲ್ಲೇ ಕುಳಿತು ನಕ್ಕರಂತೆ. ಆಮೇಲೆ ಚಕ್ಕಡಿ ಓಡಾಡಿತು. ಮೊದಲ ಚಕ್ಕಡಿ ಬಂದಾಗ ಅತ್ತೆ ಚೀಲಗಳಿಗೆ ಆರತಿ ಎತ್ತಿದರು. ಎರಡನೆಯದಕ್ಕೂ ಎತ್ತಿದರು. ಮುಂದಿನದಕ್ಕೆ ಮಾವನವರು, ಲಕ್ಷ್ಮಿಗೆ ಈಗ ದಾರಿ ರೂಢಿಯಾಗಿದೆ, ನೀನು ತಟ್ಟೆ ಇಟ್ಟು ಚೀಲ ಹಿಡಿ ಎಂದರು. ಕೊನೆಯ ಚಕ್ಕಡಿ ಬಂದಾಗ ಎತ್ತುಗಳು ಹೊಟ್ಟೆಯವರೆಗೆ ತೊಯ್ದಿದ್ದವು. ತಳದಲ್ಲಿ ಅಷ್ಟಿಷ್ಟು ಉಳಿದದ್ದು ಹೊಳೆಯ ಪಾಲಾಯಿತು.

ಸಂಜೆಗೆ ಊರೆಲ್ಲ ಮಡ್ಡಿಯ ಮೇಲಿತ್ತು. ಪಕ್ಕದ ಮನೆಯ ಮುದುಕಿ ಮೊಮ್ಮಕ್ಕಳನ್ನು ಕಟ್ಟಿಕೊಂಡು ದೂರದ ಬೇವಿನ ಗಿಡದ ಕೆಳಗೆ ಕುಳಿತಿದ್ದಳು. ಅವಳ ಹಗೇವು ಮೆತ್ತಿದ ಮಣ್ಣಿನ ಸಮೇತ ಮುಳುಗಿತ್ತು. ಅತ್ತೆ ಮೊರದ ತುಂಬ ಜೋಳ ಹೊತ್ತು ಆ ಕಡೆ ನಡೆದರು. ಚುಚ್ಚುಮಾತು ಒಂದಾದರೂ ಇದ್ದೇ ಇರುತ್ತದೆಂದು ನಾನು ಹಿಂದೆಯೇ ಹೋದೆ.

ಮುದುಕಿ ಉಡಿ ಒಡ್ಡಲಿಲ್ಲ. "ಬ್ಯಾಡವಾ. ಶುಕ್ರವಾರ, ದೀಪಾ ಹಚ್ಚೂ ಹೊತ್ತು. ನನ್ನ ಸಲುವಾಗಿ ನಿನ್ನ ಲಕ್ಷ್ಮಿ ಹೊರಗ ಬರೂದು ಬ್ಯಾಡ."

ಅತ್ತೆ ಒಮ್ಮೆ ಗುಡಿಸಲ ಕಡೆ, ಒಮ್ಮೆ ಗಿಡದ ಕಡೆ ನೋಡಿದರು. "ಹೊರಗ ಎಲ್ಲಿ ಬಂದಾಳಕ್ಕಾ? ಈ ಗಿಡದ ಮಟಾ ನನ್ನ ಪಡಸಾಲಿ. ನೀ ಕುಂತದ್ದೂ ನನ್ನ ಮನ್ಯಾಗ. ಉಡಿ ಒಡ್ಡು, ಕೈ ಸೋಲಾಕ ಹತ್ಯಾವು."

ಮುದುಕಿ ಒಡ್ಡಿದಳು. ಬಹಳ ಹೊತ್ತು ಜೋಳದಲ್ಲಿ ಕೈಯಾಡಿಸುತ್ತ ಕುಳಿತು, ರೊಟ್ಟಿ ಮಾತ್ರ ತಾನೇ ಬಡಿದುಕೊಳ್ಳುವುದಾಗಿ ಹೇಳಿದಳು.

ಅತ್ತೆಯ ಪಡಸಾಲೆ ಅಲ್ಲಿಗೆ ನಿಲ್ಲಲಿಲ್ಲ. ಮರುದಿನ ಮಡ್ಡಿಯ ಆ ತುದಿಯವರೆಗೆ ಹೋಯಿತು. ನೀರಿಳಿದು ಊರಿಗೆ ಮರಳಿದ ಮೇಲೆ ಕುಂಬಾರರ ಓಣಿಯನ್ನೂ ದಾಟಿತು. ದೀಪಾವಳಿಗೆ ಚೀಲಗಳ ಸಾಲು ಅರ್ಧಕ್ಕಿಳಿದಿತ್ತು. ಅಷ್ಟು ಜೋಳ ಎಲ್ಲಿ ಹೋಯಿತೆಂದು ಮಾವನವರು ಕೇಳಿದರೆ, ಅತ್ತೆ ತಲೆ ಎತ್ತದೆ "ಮನ್ಯಾಗ ಐತಿ" ಎನ್ನುತ್ತಿದ್ದರು. ಸುಗ್ಗಿಯ ತನಕ ನಮ್ಮ ರೊಟ್ಟಿಗಳು ದಿನೇ ದಿನೇ ತೆಳ್ಳಗಾಗುತ್ತ ಬಂದವು. ಮಾವನವರು ಅವನ್ನು ಬೆಳಕಿಗೆ ಹಿಡಿದು ನೋಡಿ, ಸುಮ್ಮನೆ ಮುರಿದುಕೊಂಡು ಉಣ್ಣುತ್ತಿದ್ದರು.